ಕರಿತಗ್ಗಿನ ತಗಡಿನ ಡಬ್ಬಿ

ನನ್ನ ಗಂಡ ಯೆಫಿಮ್‌ಗೆ ಮದುವೆಯಾದ ಹೊಸತರಲ್ಲೇ ಇನ್ನೊಬ್ಬಳು ಗಂಟುಬಿದ್ದಳು. ಉದ್ದನೆಯ ಕೋಲಿನಂಥ ಮೈ, ತುದಿಗೊಂದು ತಟ್ಟೆ, ಕಿವಿಗೆ ಕಟ್ಟಿಕೊಳ್ಳಲು ಎರಡು ಕರಿ ಬಟ್ಟಲು. ನೆಲದಡಿಯ ಲೋಹ ಹುಡುಕುವ ಯಂತ್ರ. ಸೈನ್ಯದವರು ನೆಲದಲ್ಲಿ ಹೂತ ಬಾಂಬು, ಅಂದರೆ ಮೈನ್, ಹುಡುಕಿ ಹುಡುಕಿ ಹಳತಾಯಿತೆಂದು ಬಿಸಾಕಿದ್ದನ್ನು ಇವನು ಯಾರನ್ನೋ ಕಾಡಿಬೇಡಿ ತಂದಿದ್ದ. ಭಾನುವಾರ ಬಂತೆಂದರೆ ಅವಳನ್ನು ಹೆಗಲ ಮೇಲೆ ಹೊತ್ತು ಕಾಡಿಗೆ ಹೊರಡುತ್ತಿದ್ದ. ಮದುವೆಯ ದಿನವೂ ನನ್ನನ್ನು ಹಾಗೆ ಹೊತ್ತವನಲ್ಲ. ಊರ ಹೆಂಗಸರು, "ಏನೇ ಕ್ಲಾವ್ದಿಯಾ, ನಿನ್ನ ಸವತಿ ಹೇಗಿದಾಳೆ?" ಅಂತ ಕೇಳಿದರೆ, "ಬ್ಯಾಟರಿ ತಿಂದ್ಕೊಂಡು ಚೆನ್ನಾಗಿದಾಳೆ" ಅನ್ನುತ್ತಿದ್ದೆ.

ಈ ತಮಾಷೆ ವರ್ಷಗಟ್ಟಲೆ ನಡೆಯಿತು. ಕರಿತಗ್ಗಿಗೆ ಹೋಗಿಬಂದ ಮೇಲೆ ಯಾರೂ ಅದನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಊರು ಮೋಖೊವೊ, ನೊವ್ಗೊರೊದ್ ಸೀಮೆಯ ಜೌಗು ಕಾಡಿಗೆ ಬೆನ್ನು ಕೊಟ್ಟು ಕೂತಿದೆ. ಜರ್ಮನರ ಜೊತೆಗಿನ ಯುದ್ಧ ಈ ಕಾಡಿಗೆ ಬಂದು ಎರಡು ಚಳಿಗಾಲ ಬೀಡುಬಿಟ್ಟಿತ್ತು. ನಮ್ಮ ಕಡೆಯ ಒಂದು ಇಡೀ ಸೈನ್ಯ ಜೌಗಿನಲ್ಲಿ ಶತ್ರುಗಳ ನಡುವೆ ಸಿಕ್ಕಿಬಿದ್ದು, ಸೊಂಟಪಟ್ಟಿಯ ಚರ್ಮ ಬೇಯಿಸಿ ತಿಂದು, ಬಿದ್ದಲ್ಲೇ ಸತ್ತಿತು. ಹೂಳುವವರಿರಲಿಲ್ಲ. ಪಾಚಿಯೇ ಹೊದಿಕೆಯಾಯಿತು. ಇಂದಿಗೂ ಅಣಬೆ ಆರಿಸಲು ಹೋದರೆ ಬುಟ್ಟಿಯಲ್ಲಿ ಅಣಬೆಯ ಜೊತೆ ಗುಂಡುಗಳೂ ಬರುತ್ತವೆ. ಮರ ಕೊಯ್ದರೆ ಒಳಗೆ ಸೇರಿಕೊಂಡ ಕಬ್ಬಿಣದ ಚೂರು ತಾಗಿ ಗರಗಸದ ಹಲ್ಲು ಮುರಿಯುತ್ತದೆ. ಆ ಗರಗಸಗಳನ್ನು ಮರದ ಡಿಪೋದಲ್ಲಿ ಹರಿತ ಮಾಡುವುದೇ ಯೆಫಿಮ್‌ನ ನೌಕರಿ. ವಾರವಿಡೀ ಯುದ್ಧ ಮುರಿದ ಹಲ್ಲು ಸರಿಮಾಡುವುದು, ಭಾನುವಾರ ಯುದ್ಧ ಮುರಿದ ಮನುಷ್ಯರನ್ನು ಹುಡುಕುವುದು. ಅವನ ಬದುಕೆಂದರೆ ಇಷ್ಟೇ.

ಅವನು ಹುಡುಕುತ್ತಿದ್ದುದು ಪದಕ, ಪಿಸ್ತೂಲುಗಳನ್ನಲ್ಲ. ಅವನ್ನು ಹುಡುಕಿ ಪಟ್ಟಣದಲ್ಲಿ ಮಾರುವವರನ್ನು ಕಂಡರೆ ನೆಲಕ್ಕೆ ಉಗಿಯುತ್ತಿದ್ದ. ಅವನಿಗೆ ಬೇಕಾದದ್ದು ಹೆಸರುಗಳು. ಎಲುಬು ಸಿಕ್ಕರೆ ಪಕ್ಕದಲ್ಲಿ ಬೂಟು ಹುಡುಕುತ್ತಿದ್ದ, ಬೂಟಿನೊಳಗೆ ಚಮಚ. ನಮ್ಮ ಸೈನಿಕರು ಚಮಚವನ್ನು ಬೂಟಿನಲ್ಲೇ ಸಿಕ್ಕಿಸಿಕೊಳ್ಳುತ್ತಿದ್ದರು, ಹಿಡಿಯ ಮೇಲೆ ಮೊಳೆಯಿಂದ ಹೆಸರು ಗೀಚಿರುತ್ತಿದ್ದರು. "ಬೂಟಲ್ಲಿ ಸಿಕ್ಕಿದ್ದು ಅವನದೇ. ಚೀಲದಲ್ಲಿ ಸಿಕ್ಕಿದ್ರೆ ಬೇರೆಯವನದೂ ಇರಬಹುದು," ಅನ್ನುತ್ತಿದ್ದ. ಉದ್ದ ಸಲಾಕೆ ಚುಚ್ಚಿದಾಗ ಕೈಗೆ ಬರುವ ಅದುರಿನಲ್ಲೇ ಅಡಿಯಲ್ಲಿರುವುದು ಬೇರೋ, ಗಾಜೋ, ಎಲುಬೋ ತಿಳಿದುಬಿಡುತ್ತಿತ್ತು. ಏನೇ ಸಿಗಲಿ, ತುಕ್ಕು ಬಿಡಿಸಿ, ಅದು ಏನು, ಯಾರದು, ಅಲ್ಲಿಗೆ ಹೇಗೆ ಬಂತು ಎಂದು ತಿಳಿಯುವವರೆಗೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಸತ್ತವರ ವಸ್ತು ಹೊಸ್ತಿಲು ದಾಟಿ ಮನೆಯೊಳಗೆ ಬರಬಾರದು. ಅದು ನಮ್ಮಲ್ಲಿ ಎಲ್ಲರೂ ಪಾಲಿಸುವ ಕಟ್ಟಳೆ, ಯೆಫಿಮ್ ಎಲ್ಲರಿಗಿಂತ ಹೆಚ್ಚು ಪಾಲಿಸುತ್ತಿದ್ದ. ಎಲ್ಲವೂ ಹಿತ್ತಲ ಕೊಟ್ಟಿಗೆಯಲ್ಲೇ. ಎಲುಬುಗಳನ್ನು ಮೇ ತಿಂಗಳಲ್ಲಿ ಪಟ್ಟಣದ ದೊಡ್ಡ ಸಮಾಧಿಗೆ ಒಯ್ದು ಒಟ್ಟಿಗೆ ಮಣ್ಣು ಮಾಡುತ್ತಿದ್ದರು. ಗುರುತು ಸಿಕ್ಕವರ ಹೆಸರು ಗಟ್ಟಿಯಾಗಿ ಓದಿ, ಆಮೇಲೆ ಕಲ್ಲಿನಲ್ಲಿ ಕೆತ್ತಿಸುತ್ತಿದ್ದರು.

ಆ ಕಲ್ಲಿನ ಮೇಲೆ ಒಂದು ಹೆಸರು ಕಾಣಬೇಕೆಂಬುದೇ ಯೆಫಿಮ್‌ನ ಜನ್ಮದ ಆಸೆ. ಅವನ ಅಪ್ಪ ಸವೇಲಿ ಗ್ರಚೋವ್. ಊರಿನ ಕಮ್ಮಾರ, ಯುದ್ಧದ ಮೊದಲ ಬೇಸಿಗೆಯಲ್ಲೇ ಸೈನ್ಯಕ್ಕೆ ಹೋದವರು ಮರಳಲಿಲ್ಲ. ಸತ್ತರೆಂಬ ಸುದ್ದಿಯೂ ಬರಲಿಲ್ಲ. "ಸುಳಿವಿಲ್ಲದೆ ಕಾಣೆಯಾದವರು" ಎಂದರು. ಆ ಮಾತು ನಮ್ಮಲ್ಲಿ ಸಾವಿಗಿಂತ ಕೆಟ್ಟದ್ದು. ಶಾಲೆಯಲ್ಲಿ ಹುಡುಗರು, "ನಿಮ್ಮಪ್ಪ ಜರ್ಮನರ ಜೊತೆ ಓಡಿಹೋಗಿ ಅಲ್ಲಿ ಬೆಣ್ಣೆ ತಿಂತಿದಾನೆ" ಎಂದು ಹಂಗಿಸುತ್ತಿದ್ದರಂತೆ. ಅರವತ್ತು ದಾಟಿದ ಮೇಲೂ ಯೆಫಿಮ್ ಬೆಣ್ಣೆ ಮುಟ್ಟುತ್ತಿರಲಿಲ್ಲ.

ಅಪ್ಪನದೆಂದು ಅವನ ಬಳಿ ಎರಡೇ ಇದ್ದವು. ಒಂದು, ಮಾವನವರು ಎರಕ ಹೊಯ್ದ ಚಮಚಗಳು. ಅಚ್ಚಿನಲ್ಲೇ ಬಿರುಕು ಇದ್ದುದರಿಂದ ಪ್ರತಿಯೊಂದರ ಹಿಡಿಯ ಮೇಲೂ ಓರೆಯಾಗಿ ಒಂದು ಗೀರು ಎದ್ದಿರುತ್ತದೆ. ನಾವು ಈಗಲೂ ಅವುಗಳಲ್ಲೇ ಸೂಪು ಕುಡಿಯುವುದು. ಅಂಥದ್ದೊಂದನ್ನು ಬೂಟಿನಲ್ಲಿ ಸಿಕ್ಕಿಸಿಕೊಂಡೇ ಅವರು ಯುದ್ಧಕ್ಕೆ ಹೋಗಿದ್ದು. ಇನ್ನೊಂದು, ಒಂದು ನೆನಪು. ಕೆಂಪು ಬಣ್ಣದ ದುಂಡನೆಯ ಡಬ್ಬಿ, ಸೂರ್ಯನಿಗೆ ಬಿಡಿಸಿದ ಹಾಗೆ ಬಿಳಿ ಗೆರೆಗಳು, ಅಲ್ಲಾಡಿಸಿದರೆ ಗಲಗಲ ಅನ್ನುತ್ತಿತ್ತು. ಬಾಯಲ್ಲಿ ಏನೋ ಸಿಹಿ. "ಅಪ್ಪ ತಂದುಕೊಟ್ಟಿದ್ದು," ಅನ್ನುತ್ತಿದ್ದ. ಕಾಡಿನಲ್ಲಿ ಬೆಂಕಿಯ ಸುತ್ತ ಗೆಳೆಯರ ಜೊತೆ ಕೂತಾಗ ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದ, ಅವರು ಪ್ರತಿ ವರ್ಷ ಹೊಸದಾಗಿ ಕೇಳುವವರಂತೆ ಕೇಳುತ್ತಿದ್ದರು. ಮನೆಯಲ್ಲಿ ಹೇಳಿದರೆ ಮಾತ್ರ ನಮ್ಮತ್ತೆ ಉಸ್ತಿನ್ಯಾ ಏನಾದರೂ ನೆಪ ಹೇಳಿ ಎದ್ದುಹೋಗುತ್ತಿದ್ದರು. ಗಂಡನ ನೆನಪಾಗಿ ಸಂಕಟವಾಗುತ್ತದೆ, ಪಾಪ, ಅಂದುಕೊಳ್ಳುತ್ತಿದ್ದೆ.

ಪಾಪ ಅನ್ನಿಸಿಕೊಳ್ಳುವ ಹೆಂಗಸಲ್ಲ ಅವರು. ಎಂಬತ್ತು ದಾಟಿದರೂ ನಾಲಗೆ ಮೊಂಡಾಗಿರಲಿಲ್ಲ. ನಾನು ಮಾಡಿದ ಕಪ್ಪು ರೊಟ್ಟಿಯನ್ನು, "ಚೆನ್ನಾಗಿದೆ ಕಣೆ, ಒಲೆ ಕಟ್ಟೋಕೆ ಇಟ್ಟಿಗೆ ಕಡಿಮೆ ಬಿದ್ರೆ ಆಗುತ್ತೆ" ಎಂದು ಹೊಗಳಿದವರು. ಮಗ ಕಾಡಿಗೆ ಹೊರಟರೆ ಬೇಡವೆನ್ನುತ್ತಿರಲಿಲ್ಲ. ಆದರೆ ಬಾಗಿಲಲ್ಲಿ ನಿಂತು ಪ್ರತಿ ಸಲ ಒಂದೇ ಮಾತು: "ಫೀಮಾ, ಕರಿತಗ್ಗಿನ ಕಡೆ ಕಾಲಿಡಬೇಡ." ಮುದ್ದಿನಿಂದ ಅವನನ್ನು ಹಾಗೆ ಕರೆಯುತ್ತಿದ್ದುದು.

ಕರಿತಗ್ಗು ಹೊಳೆಯಾಚೆಯ ಸ್ಪ್ರೂಸ್ ಮರಗಳ ತಗ್ಗು. ಅಲ್ಲಿ ಜರ್ಮನರು ಮೈನ್ ಹೂತಿದ್ದಾರೆ, ಯುದ್ಧ ಮುಗಿದ ವರ್ಷ ನಮ್ಮ ಹಸು ಅಲ್ಲಿ ಚೂರುಚೂರಾಗಿದ್ದನ್ನು ಕಣ್ಣಾರೆ ಕಂಡೆ ಎಂದು ಅತ್ತೆ ಊರಿಗೆಲ್ಲ ಹೇಳಿದ್ದರು. ಊರು ನಂಬಿತ್ತು. ಅಲ್ಲಿ ಹಣ್ಣು ಬಿದ್ದು ಕೊಳೆಯುತ್ತಿತ್ತು, ಅಣಬೆ ಕಪ್ಪಾಗುತ್ತಿತ್ತು, ಯಾರೂ ಕೈಹಾಕುತ್ತಿರಲಿಲ್ಲ. ಕಾಡಿನ ಮೂಲೆ ಮೂಲೆ ಶೋಧಿಸಿದ ಯೆಫಿಮ್ ಕೂಡ ಅಮ್ಮನ ಮಾತು ಮೀರಿ ಅತ್ತ ಹೋದವನಲ್ಲ.

ಹೋಗುವಂತೆ ಮಾಡಿದ್ದು ಒಂದು ಬಿರುಗಾಳಿ. ಆ ಶರತ್ಕಾಲದಲ್ಲಿ ಬೀಸಿದ ಗಾಳಿಗೆ ಕರಿತಗ್ಗಿನ ಅರ್ಧ ಮರಗಳು ಬುಡಸಮೇತ ಮಗುಚಿದವು. ಹಿಮ ಕರಗಿದ ಮೇಲೆ ಅರಣ್ಯ ಕಚೇರಿಯ ಮೇಸ್ತ್ರಿ ಆರ್ಸೆನಿ ನಮ್ಮನೆಗೆ ಬಂದು ಮೇಜಿನ ಮುಂದೆ ಕೂತು, ನಮ್ಮ ಕಡೆ ಮರ್ಯಾದೆಗೆ ಕರೆಯುವಂತೆ ಅಪ್ಪನ ಹೆಸರು ಸೇರಿಸಿ ಶುರು ಮಾಡಿದ.

"ಬಿದ್ದ ಮರ ಸಾಗಿಸಬೇಕು ಯೆಫಿಮ್ ಸವೇಲಿಚ್. ನನ್ನ ಆಳುಗಳು ಮೈನ್ ಇದೆ ಅಂತ ಹೆದರ್ತಾರೆ. ನೀವೊಂದ್ಸಲ ಯಂತ್ರ ಹಿಡ್ಕೊಂಡು ನೋಡಿ ಇಲ್ಲ ಅಂದ್ರೆ ನಂಬ್ತಾರೆ."

"ಇದ್ರೆ?" ಅಂದೆ ನಾನು.

"ಇದ್ರೆ ಅವರಿಗೇ ಮೊದಲು ಗೊತ್ತಾಗುತ್ತೆ ಬಿಡಿ," ಎಂದು ಉಪ್ಪಿನ ಸೌತೆಕಾಯಿ ಕಚ್ಚಿದ.

ಚಳಿಗೆ ಬೆಚ್ಚಗಿರಲೆಂದು ದೊಡ್ಡ ಇಟ್ಟಿಗೆ ಒಲೆಯ ಮೇಲೆಯೇ ಹಾಸಿದ್ದ ಹಾಸಿಗೆಯಲ್ಲಿ ಮಲಗಿದ್ದ ಅತ್ತೆ ಎದ್ದು ಕೂತಿದ್ದನ್ನು ನಾನು ಕಂಡೆ. "ಹೋಗಬೇಡ," ಅಂದರು. ದನಿ ಏರಿಸಲಿಲ್ಲ. "ಅಮ್ಮ, ನಾಳೆ ಯಾರಾದ್ರೂ ಸತ್ರೆ ಆ ಪಾಪ ನನಗೇ ತಾನೆ ಸುತ್ತಿಕೊಳ್ಳೋದು?" ಎಂದ ಯೆಫಿಮ್. ಅತ್ತೆ ಹೊದಿಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಜಗಳ ಗೆಲ್ಲದೆ ಬಿಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆ ರಬ್ಬರು ಸುಟ್ಟ ನಾತಕ್ಕೆ ಎಚ್ಚರವಾಯಿತು. ಒಲೆಯ ಬಾಯಿ ತೆಗೆದು ನೋಡಿದರೆ ಕೆಂಡದ ನಡುವೆ ಕಿವಿಯ ಬಟ್ಟಲುಗಳು ಕರಗಿ ಅಂಟಾಗಿ ಬಿದ್ದಿದ್ದವು. ಅತ್ತೆ ಕೈಯಲ್ಲಿ ಬೂದಿಗೋಲು ಹಿಡಿದು ಪಕ್ಕದಲ್ಲೇ ನಿಂತಿದ್ದರು, ಅಡಗಿಸುವ ಪ್ರಯತ್ನವನ್ನೂ ಮಾಡಲಿಲ್ಲ. ನನಗೆ ರೇಗಿಹೋಯಿತು. "ಏನಮ್ಮ ಇದು, ಅರಳುಮರುಳಾ?" ಅಂದೆ. "ಆಗಿದ್ರೆ ಚೆನ್ನಾಗಿತ್ತು," ಅಂದರು. ಯೆಫಿಮ್ ಗೆಳೆಯನ ಮನೆಗೆ ಹೋಗಿ ಬೇರೆ ಬಟ್ಟಲು ತಂದ. ಮುದುಕಿಯ ಆ ಭಯ ನನ್ನೊಳಗೂ ಇಳಿದುಬಿಟ್ಟಿತ್ತು. ಬುತ್ತಿ ಕೊಡುವ ನೆಪದಲ್ಲಿ ನಾನೂ ಅವನ ಹಿಂದೆ ಹೊರಟೆ.

ಕರಿತಗ್ಗಿನಲ್ಲಿ ಹಕ್ಕಿಯ ಸದ್ದಿತ್ತು, ನೀರಿನ ಸದ್ದಿತ್ತು. ಆದರೆ ಯಂತ್ರದ ಸದ್ದಿರಲಿಲ್ಲ. ಯೆಫಿಮ್ ತಟ್ಟೆಯನ್ನು ಅತ್ತಿತ್ತ ಬೀಸುತ್ತ ಮುಂದೆ ಮುಂದೆ ಹೋದ. ನಾನು ಅವನು ತುಳಿದಲ್ಲೇ ತುಳಿಯುತ್ತ ಹಿಂದೆ ಬಂದೆ. ನಮ್ಮ ಕಾಡಿನಲ್ಲಿ ಹೆಜ್ಜೆಗೊಂದು ಸಲ ಅರಚಿಕೊಳ್ಳುವ ಯಂತ್ರ ಇಲ್ಲಿ ಬಾಯಿ ಕಟ್ಟಿಕೊಂಡಿತ್ತು. ಅವನು ನಿಂತು ಬ್ಯಾಟರಿ ನೋಡಿದ, ತನ್ನದೇ ಚಾಕು ನೆಲಕ್ಕೆಸೆದು ಪರೀಕ್ಷಿಸಿದ. ಯಂತ್ರ ಕೂಗಿತು. ಸರಿಯಾಗಿಯೇ ಇತ್ತು.

"ಕ್ಲಾವಾ, ಇಲ್ಲಿ ಯಾವತ್ತೂ ಯಾರೂ ಕಾದಾಡಿಲ್ಲ," ಅಂದ. "ಮೈನ್ ಹಾಗಿರಲಿ, ಒಂದು ಮೊಳೆ ಕೂಡ ಇಲ್ಲ."

"ಒಳ್ಳೇದಾಯ್ತಲ್ಲ."

"ಮತ್ತೆ ಹಸು?"

ಹೋಗೋಣ ನಡಿ ಅಂದೆ. ಅವನು ಹೊರಟಿದ್ದ ಕೂಡ. ಹೊಳೆಯ ಕಡೆಯ ಅಂಚಿನಲ್ಲಿ ಮಗುಚಿದ್ದ ಒಂದು ದೊಡ್ಡ ಸ್ಪ್ರೂಸಿನ ಬುಡ ಬಳಸಿ ಬರುವಾಗ ಯಂತ್ರ ಸಣ್ಣಗೆ ಕೂಗಿತು. ಬೇರುಗಳ ಅಡಿಯಲ್ಲಿ, ಒಂದೇ ಕಡೆ.

ಸಲಾಕೆ ಚುಚ್ಚಿದ. ಅವನ ಮುಖ ನೋಡಿಯೇ ಎಲುಬು ಎಂದು ನನಗೆ ಗೊತ್ತಾಯಿತು. ಮಂಡಿಯೂರಿ ಕೈಯಿಂದಲೇ ಮಣ್ಣು ಬಿಡಿಸತೊಡಗಿದ. ಯುದ್ಧದಲ್ಲಿ ಸತ್ತವರು ಬಿದ್ದ ಹಾಗೆ ಇರುತ್ತಾರೆ, ಕೈಯೊಂದು ಕಡೆ, ಕಾಲೊಂದು ಕಡೆ. ಇಲ್ಲಿದ್ದವನು ಮಲಗಿದ್ದ. ನಮ್ಮಲ್ಲಿ ಕ್ರಮವಾಗಿ ಮಣ್ಣು ಮಾಡುವ ಹಾಗೆ ತಲೆ ಪಡುವಣಕ್ಕೆ, ಕೈಗಳು ಎದೆಯ ಮೇಲೆ ಮಡಿಚಿ. ಹೊದಿಸಿದ್ದ ಬಟ್ಟೆ ಕೊಳೆತುಹೋಗಿತ್ತು, ಆದರೆ ಅದರ ಅಂಚಿನ ಕೆಂಪು ನೂಲು ಹಾಗೇ ಉಳಿದಿತ್ತು. ಹುಂಜಗಳ ಸಾಲು. ಆ ಹುಂಜಗಳನ್ನು ನಾನು ದಿನಾ ನೋಡುತ್ತೇನೆ, ನಮ್ಮ ದೇವರ ಮೂಲೆಯಲ್ಲಿ ಇಳಿಬಿಟ್ಟ ವಸ್ತ್ರದ ಮೇಲೆ ಅತ್ತೆ ಕಸೂತಿ ಮಾಡಿದ್ದು ಅವನ್ನೇ.

"ಯೆಫಿಮ್, ಸಾಕು. ಮುಚ್ಚಿಬಿಡು," ಅಂದೆ. ಅವನಿಗೆ ಕೇಳಿಸಲಿಲ್ಲ.

ಕಾಲಿಗೆ ಬೂಟಿರಲಿಲ್ಲ. ಚಮಚ ಸೊಂಟದ ಬಳಿ ಇತ್ತು. ಅದನ್ನು ಹೆಬ್ಬೆರಳಿನಿಂದ ಉಜ್ಜಿ ನನ್ನ ಕಡೆ ಚಾಚಿದ. ಹಿಡಿಯ ಮೇಲೆ ಓರೆಯಾಗಿ ಒಂದು ಗೀರು ಎದ್ದಿತ್ತು. ಅವನು ಅಳಲಿಲ್ಲ, ಕೂಗಲಿಲ್ಲ. ತಲೆಬುರುಡೆಯನ್ನು ಎರಡು ಕೈಯಲ್ಲಿ ಎತ್ತಿದಾಗ ಒಳಗಿನ ಮಣ್ಣಿನ ಜೊತೆ ಮೊಂಡು ಮೂತಿಯ ಸಣ್ಣ ಗುಂಡೊಂದು ಉದುರಿತು. ಅದನ್ನು ಬೆಳಕಿಗೆ ಹಿಡಿದು, ಡಿಪೋದಲ್ಲಿ ಗರಗಸದ ಹಲ್ಲಿನ ಬಗ್ಗೆ ಹೇಳುವ ದನಿಯಲ್ಲೇ ಹೇಳಿದ: "ಜರ್ಮನ್ ಪಿಸ್ತೂಲಿನದು. ಹಿಂದಿನಿಂದ, ಹತ್ತಿರದಿಂದ ಹೊಡೆದಿದಾರೆ. ಅಪ್ಪ ಓಡಿಹೋಗಿರಲಿಲ್ಲ."

ಯಂತ್ರ ಕೂಗಿದ್ದು ಎದೆಯ ಮೇಲಿನ ವಸ್ತುವಿಗೆ. ಮಡಿಚಿದ ಕೈಗಳ ಅಡಿಯಲ್ಲಿ ಅಂಗೈಯಗಲದ ದುಂಡನೆಯ ಡಬ್ಬಿ, ತುಕ್ಕಿನ ಗಡ್ಡೆ, ಒಳಗೆ ಮಣ್ಣು ತುಂಬಿ ಭಾರವಾಗಿತ್ತು. "ಜರ್ಮನರ ಚಾಕೊಲೇಟ್ ಡಬ್ಬಿ. ಕಾಡಲ್ಲಿ ಎಲ್ಲೆಲ್ಲೂ ಬಿದ್ದಿರುತ್ತೆ, ಬಣ್ಣ ಮಾತ್ರ ಒಂದರಲ್ಲೂ ಉಳಿದಿರಲ್ಲ," ಎಂದ. ಸತ್ತವನ ಕೈಗೆ ಯಾರು, ಏಕೆ ಇದನ್ನು ಕೊಟ್ಟು ಮಲಗಿಸಿದರು ಎಂಬುದು ಅವನಿಗಾಗ ಹೊಳೆಯಲಿಲ್ಲ.

ಆ ದಿನ ಯೆಫಿಮ್ ಜೀವಮಾನದ ಕಟ್ಟಳೆ ಮುರಿದ. ಚಮಚವನ್ನೂ ಡಬ್ಬಿಯನ್ನೂ ನೇರ ಮನೆಯೊಳಗೆ ತಂದು ಊಟದ ಮೇಜಿನ ಮೇಲಿಟ್ಟ. ಅತ್ತೆ ಆಲೂಗಡ್ಡೆ ಸುಲಿಯುತ್ತಿದ್ದರು. ಚಮಚವನ್ನು ನೋಡಿದರು. ಡಬ್ಬಿ ನೋಡಿದಾಗ ಕೈಯಿಂದ ಚಾಕು ಜಾರಿತು.

"ಹೊಸ್ತಿಲು ದಾಟಿಸಿದೆಯಲ್ಲೋ," ಅಂದರು.

"ಹೊರಗಿನವರದಲ್ಲವಲ್ಲ ಅಮ್ಮ. ಈ ಮನೆಯವರದೇ." ಯೆಫಿಮ್ ಎದುರಿಗೆ ಕೂತ. "ಯಾರು ಹೂತಿದ್ದು?"

"ನಾನು."

"ಹಸು?"

"ಕಾಯಿಲೆ ಬಂದು ಸತ್ತಿತ್ತು."

ಆಮೇಲೆ, ಬೇರೆ ಯಾರದೋ ಕಥೆ ಹೇಳುವಂತೆ ಹೇಳಿದರು. ನಲವತ್ತೆರಡರ ವಸಂತದಲ್ಲಿ ಸವೇಲಿ ಜೌಗು ದಾಟಿ ಮಂಜಿನಲ್ಲಿ ಬಂದಿದ್ದ. ಬೂಟಿನ ಚರ್ಮವನ್ನೂ ಬೇಯಿಸಿ ತಿಂದು ಮುಗಿದಿತ್ತು, ಕಾಲಿಗೆ ಚಿಂದಿ ಸುತ್ತಿಕೊಂಡಿದ್ದ, ಮೈಮೇಲೆ ಆ ಚಮಚ ಬಿಟ್ಟರೆ ಏನೂ ಇರಲಿಲ್ಲ. ಮನೆಯಲ್ಲಿ ಜರ್ಮನರು ಇಳಿದುಕೊಂಡಿದ್ದರು, ಇವರಿಗೂ ಮಗುವಿಗೂ ಒಲೆಯ ಹಿಂದಿನ ಮೂಲೆ. ಗಂಡನನ್ನು ಹೊಳೆಯ ದಡದ ಸ್ನಾನದ ಮನೆಯಲ್ಲಿ ಅಡಗಿಸಿದರು. ಮಗುವಿಗೆ ಒಂದು ಸಲ ತೋರಿಸಿದರು, ತೋರಿಸದೆ ಇರಲಾಗಲಿಲ್ಲ. ಎರಡು ದಿನ ಬಿಟ್ಟು ಜರ್ಮನರು ನೇರ ಅಲ್ಲಿಗೇ ಹೋದರು. ಹೊಡೆದ ಮೇಲೆ ಇವರಿಗೆ ಪಾಠವಾಗಲಿ ಎಂದು ವಾರವಿಡೀ ಹೆಣ ತೆಗೆಯಗೊಡಲಿಲ್ಲ. ಊರಿನವರನ್ನೆಲ್ಲ ಆಗಲೇ ಬೇರೆಡೆಗೆ ಓಡಿಸಿದ್ದರಿಂದ ನೋಡಿದವರು ಬೇರೆ ಯಾರೂ ಇರಲಿಲ್ಲ. ಕೊನೆಗೆ ಇವರೊಬ್ಬರೇ ಜಾರುಗಾಡಿಯ ಮೇಲೆ ಎಳೆದುಕೊಂಡು ಹೋಗಿ ಹೂತರು.

"ನನಗ್ಯಾಕೆ ಹೇಳಲಿಲ್ಲ? ಇಷ್ಟು ವರ್ಷ ನಾನು ಕಾಡೆಲ್ಲ ಅಗೆದೆ. ನೀನು ನೋಡ್ತಾ ಇದ್ದೆ."

ಅತ್ತೆ ಬಗ್ಗಿ ಚಾಕು ಎತ್ತಿಕೊಂಡರು.

"ಅಪ್ಪ ಅಲ್ಲಿರೋದು ಅವರಿಗೆ ಯಾರು ಹೇಳಿದ್ದು?"

ಅವರು ಡಬ್ಬಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು, ಮಗನ ಕಡೆ ನೋಡಲಿಲ್ಲ. "ನಾನೇ ಹೇಳಿದೆ," ಅಂದರು. "ಹಿಟ್ಟು ಕೊಡ್ತೀವಿ ಅಂದ್ರು. ನೀನು ಹಸಿದು ಸಾಯ್ತಿದ್ದೆ. ಹೇಳಿಬಿಟ್ಟೆ."

ಯೆಫಿಮ್ ಚಮಚ, ಡಬ್ಬಿ ಎರಡನ್ನೂ ತೆಗೆದುಕೊಂಡು ಕೊಟ್ಟಿಗೆಗೆ ಹೋದ. ಅವತ್ತಿನಿಂದ ಊಟ, ನಿದ್ದೆ ಎಲ್ಲ ಅಲ್ಲೇ. ಅಮ್ಮನ ಜೊತೆ ಮಾತು ನಿಂತಿತು. ಎದುರಿಗೆ ಸಿಕ್ಕರೆ ಗೋಡೆ ದಾಟುವ ಹಾಗೆ ದಾಟಿಹೋಗುತ್ತಿದ್ದ. ಅಪ್ಪನ ಗುರುತು ಒಪ್ಪಿ ಮೇ ತಿಂಗಳಲ್ಲಿ ಹೆಸರು ಓದುವುದೆಂದು ಪಟ್ಟಣದವರು ತಿಳಿಸಿದಾಗಲೂ ಆ ಸುದ್ದಿಯನ್ನು ನನ್ನ ಬಾಯಿಂದಲೇ ಅತ್ತೆಗೆ ಮುಟ್ಟಿಸಿದ.

ಹಿಟ್ಟಿಗಾಗಿ ಹೇಳಿಬಿಟ್ಟೆ ಎಂಬ ಅತ್ತೆಯ ಮಾತು ನನಗೆ ನಂಬಿಕೆಯಾಗಲಿಲ್ಲ. ಮೂವತ್ತೈದು ವರ್ಷ ಒಂದೇ ಅಡುಗೆಮನೆಯಲ್ಲಿ ಇವರ ಜೊತೆ ಬೆಂದಿದ್ದೇನೆ. ಪಕ್ಕದ ಮನೆಯ ಕೋಳಿ ನಮ್ಮ ಹಿತ್ತಲಲ್ಲಿ ಮೊಟ್ಟೆಯಿಟ್ಟರೆ ಹಿಂದಿರುಗಿಸುವ ಹೆಂಗಸು ಹಿಟ್ಟಿಗೆ ಗಂಡನನ್ನು ಕೊಟ್ಟರಂತೆ. ಮಗ ಹೊರಗಿದ್ದಾಗ ಕೇಳಿಯೇಬಿಟ್ಟೆ.

"ಅಮ್ಮ, ಮಾವನವರ ಕೈಗೆ ಆ ಡಬ್ಬಿ ಯಾಕೆ ಕೊಟ್ರಿ?"

ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಆ ವಯಸ್ಸಿನಲ್ಲೂ ನೋವಾಗುವ ಹಿಡಿತ. "ಕ್ಲಾವಾ, ನಿನ್ನ ಕಾಲಿಗೆ ಬೀಳ್ತೀನಿ ಕಣೆ. ಅವನ ಹತ್ರದಿಂದ ಅದನ್ನ ಕದ್ದು ಹೊಳೆಗೆ ಎಸೆದುಬಿಡು. ಅವನು ನನ್ನ ಮುಖ ನೋಡದಿದ್ರೆ ಬೇಡ, ಸತ್ತಾಗ ಮಣ್ಣು ಹಾಕದಿದ್ರೂ ಬೇಡ. ಅದನ್ನ ಮಾತ್ರ ತೊಳೆಯೋಕೆ ಬಿಡಬೇಡ."

ಆಗ ನನಗೆ ತಿಳಿಯಿತು. ಕೆಂಪು ಡಬ್ಬಿ, ಬಿಳಿ ಗೆರೆ, ಬಾಯಲ್ಲಿ ಸಿಹಿ. ಪ್ರತಿ ವರ್ಷ ಕೇಳಿ ಕೇಳಿ ಸಾಕಾಗಿದ್ದ ಆ ಕಥೆಯ ಡಬ್ಬಿ ಇದೇ. ಕೊಟ್ಟಿಗೆಗೆ ಓಡಿದೆ. ಯೆಫಿಮ್ ಬೆಂಚಿನ ಮೇಲೆ ಕೂತಿದ್ದ, ಡಬ್ಬಿ ಸೀಮೆಎಣ್ಣೆಯ ಬಟ್ಟಲಿನಲ್ಲಿ ಮುಳುಗಿತ್ತು.

"ಕೊಡು ಅದನ್ನ. ದರಿದ್ರದ್ದು, ಬಿಸಾಕ್ತೀನಿ," ಅಂದೆ.

"ಅಪ್ಪನ ಕೈಲಿದ್ದದ್ದು. ಏನು, ಎಲ್ಲಿಂದ ಬಂತು ಅಂತ ತಿಳಿಯದೆ ಅವರ ಜೊತೆ ಹೂಳಲ್ಲ."

"ಜರ್ಮನರದು ಅಂತ ನೀನೇ ಹೇಳಿದೆಯಲ್ಲ, ಇನ್ನೇನು ತಿಳೀಬೇಕು?"

"ಜರ್ಮನರದು ಅಪ್ಪನ ಕೈಗೆ ಹೇಗೆ ಬಂತು ಅಂತ." ತಲೆ ಎತ್ತದೆ ಮರದ ಚಕ್ಕೆಯಿಂದ ತುಕ್ಕು ಕೆರೆಯುತ್ತಲೇ ಇದ್ದ.

ಅಲ್ಲಿಂದ ಮುಂದೆ ನಾನು ಕೊಟ್ಟಿಗೆಯ ಕಿವಿಯಾದೆ. ಕೆರೆಯುವ ಸದ್ದು ಕೇಳಿದಾಗಲೆಲ್ಲ, ತುಕ್ಕು ದಪ್ಪವಿರಲಿ ದೇವರೇ, ತಗಡೆಲ್ಲ ತಿಂದುಹೋಗಿರಲಿ ಎಂದು ಬೇಡಿಕೊಂಡೆ. ಬೇರೆ ಹೆಂಗಸರು ಗಂಡನ ಕೆಲಸ ಕೈಗೂಡಲಿ ಎಂದು ಮೇಣದ ಬತ್ತಿ ಹಚ್ಚುತ್ತಾರೆ, ನಾನು ಕೈಗೂಡದಿರಲೆಂದು ಹಚ್ಚಿದೆ. ಅವನು ಡಿಪೋಗೆ ಹೋದಾಗ ಕದಿಯಲು ಹೋದೆ, ಡಬ್ಬಿ ಅಲ್ಲಿರಲಿಲ್ಲ. ಕೋಟಿನ ಜೇಬಿನಲ್ಲಿಟ್ಟುಕೊಂಡೇ ತಿರುಗುತ್ತಿದ್ದ. ಅತ್ತೆ ದಿನಕ್ಕೊಂದು ಸಲ, "ಸಿಕ್ತಾ?" ಎಂದು ಕಣ್ಣಲ್ಲೇ ಕೇಳುತ್ತಿದ್ದರು, ನಾನು ತಲೆಯಾಡಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಅಷ್ಟು ಒಗ್ಗಟ್ಟು ಹಿಂದೆಂದೂ ಇರಲಿಲ್ಲ.

ಮಣ್ಣು ಮಾಡುವ ದಿನ ಅತ್ತೆ ಬೆಳಿಗ್ಗೆಯೇ ಎದ್ದು ಹಬ್ಬದ ಬಿಳಿ ತಲೆವಸ್ತ್ರ ಕಟ್ಟಿಕೊಂಡು ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತರು. ಕರೆದುಕೊಂಡು ಹೋಗು ಎಂದು ಕೇಳಲಿಲ್ಲ. ಯೆಫಿಮ್ ಅವರನ್ನು ದಾಟಿಕೊಂಡು ಹೋಗಿ ಲಾರಿ ಹತ್ತಿದ. ನಾನು ಅವನಿಗೆ ಬಾಯಿಗೆ ಬಂದ ಹಾಗೆ ಬೈದೆ, ಆದರೂ ಹತ್ತಿದೆ.

ಕೆಂಪು ಬಟ್ಟೆ ಹೊದಿಸಿದ ಪೆಟ್ಟಿಗೆಗಳ ಸಾಲಿನಲ್ಲಿ ಮಾವನವರದೂ ಇತ್ತು. "ಗ್ರಚೋವ್, ಸವೇಲಿ" ಎಂದು ಓದಿದರು. ಇದೊಂದು ಮಾತಿಗಾಗಿ ಮುದುಕನಾದವನು ಅದನ್ನು ಕೇಳಿ ತಲೆಯನ್ನೂ ಎತ್ತಲಿಲ್ಲ. ಎಲ್ಲರಂತೆ ಮಣ್ಣು ಹಾಕಿದ, ಕಪ್ಪು ರೊಟ್ಟಿಯ ತುಂಡಿಟ್ಟ. ಚಮಚವನ್ನು ಪೆಟ್ಟಿಗೆಯಲ್ಲಿ ಇಟ್ಟಿದ್ದ. ಡಬ್ಬಿಯನ್ನು ಇಡಲಿಲ್ಲ. ಹಿಂತಿರುಗುವಾಗ ದಾರಿಯುದ್ದಕ್ಕೂ ಅವನ ಬಲಗೈ ಜೇಬಿನಲ್ಲೇ ಇತ್ತು.

ಮನೆಗೆ ಬಂದರೆ ಅತ್ತೆ ಅದೇ ಬೆಂಚಿನ ಮೇಲೆ, ಅದೇ ತಲೆವಸ್ತ್ರದಲ್ಲಿ. ನಾನು ಸೂಪು ಬಿಸಿಗಿಟ್ಟೆ. ಯೆಫಿಮ್ ಕೊಟ್ಟಿಗೆಗೆ ಹೋದ. ಸ್ವಲ್ಪ ಹೊತ್ತಿಗೆ ನೀರು ಸುರಿದ ಸದ್ದು ಕೇಳಿತು. ಆಮೇಲೆ ಕೇಳಿದ ಸದ್ದು ಈಗಲೂ ನನ್ನನ್ನು ಬಿಟ್ಟಿಲ್ಲ. ಗಲಗಲ. ನಿಂತಿತು. ಮತ್ತೆ ಗಲಗಲ.

ಅತ್ತೆ ಕಣ್ಣು ಮುಚ್ಚಿಕೊಂಡರು.

ಅವನು ಒಳಗೆ ಬಂದು ಮೇಜಿನ ಮೇಲೆ ಡಬ್ಬಿ ಇಟ್ಟು ಮುಚ್ಚಳ ತಿರುಗಿಸಿದ. ಅಂಚಿನ ಮಡಿಕೆಯಲ್ಲಿ, ತುಕ್ಕು ಮುಟ್ಟದ ಕಡೆ, ಉಗುರಿನಷ್ಟು ಕೆಂಪು ಬಣ್ಣ ಉಳಿದಿತ್ತು. ಅದರ ನಡುವೆ ಒಂದು ಬಿಳಿ ಗೆರೆ. ಒಳಗಿನ ಒಣಮಣ್ಣೆಲ್ಲ ಕರಗಿಹೋಗಿ ಹೊಳೆಯ ನಾಲ್ಕು ನುಣುಪು ಕಲ್ಲುಗಳು ಉಳಿದಿದ್ದವು.

"ಇದು ನನ್ನದು," ಅಂದ. ಎಷ್ಟೋ ದಿನಗಳ ಮೇಲೆ ಅಮ್ಮನ ಜೊತೆ ಆಡಿದ ಮೊದಲ ಮಾತು. "ಅಪ್ಪ ತಂದಿದ್ದಲ್ಲ. ಅಪ್ಪ ಬರಿಗೈಲಿ ಬಂದ ಅಂತ ನೀನೇ ಹೇಳಿದೆ."

"ನಾನು ಹೇಳಿದೆ ಅಂತ ಹೇಳಿದ್ನಲ್ಲೋ. ಹಿಟ್ಟಿಗೆ..."

"ಅಮ್ಮ." ಅವನ ದನಿ ಮೆತ್ತಗಿತ್ತು. "ಹಿಟ್ಟು ಕೊಟ್ಟಿದ್ರೆ ಹಿಟ್ಟಿನ ಚೀಲ ಹೂತಿರ್ತಿದ್ದೆ. ನೀನು ಹೂತಿದ್ದು ಇದನ್ನ."

ಅತ್ತೆ ಎದ್ದರು. ಮೇಜು ಹಿಡಿದು ಬಂದು ಮಗನ ತಲೆಯನ್ನು ಎದೆಗೆ ಒತ್ತಿಕೊಂಡರು. ನನ್ನ ಮುಂದೆ ಎಂದೂ ಅತ್ತವರಲ್ಲ, ಆವತ್ತು ಅತ್ತರು.

"ನಾಲ್ಕು ವರ್ಷ ನಿನಗೆ. ಅವರ ಅಡುಗೆಯವನು ನಿನ್ನ ಕರೆದು ಒಂದು ಚೂರು ಕೊಟ್ಟ. ಕೆಟ್ಟವನಲ್ಲ, ಸುಮ್ಮನೆ ಕೊಟ್ಟ. ಪಕ್ಕದಲ್ಲಿ ಅವರ ಅಧಿಕಾರಿ ನಿಂತಿದ್ದ. ನೀನು ತಿಂದೆ. ಆಮೇಲೆ ಇನ್ನೊಂದು ಕೈ ಚಾಚಿದೆ. ಸ್ನಾನದ ಮನೆ ಕಡೆ ಬೆರಳು ಮಾಡಿ, ಅಪ್ಪನಿಗೂ ಒಂದು ಅಂದೆ. ಅಪ್ಪನಿಗೆ ನಾವನ್ನೋ 'ಪಾಪಾ' ಅವರ ಭಾಷೆಲೂ ಅದೇ ಅಲ್ವೇನೋ, ಅವರಿಗೆ ತಿಳಿದುಹೋಯ್ತು." ಅವನ ಕೂದಲು ನೇವರಿಸುತ್ತಲೇ ಇದ್ದರು. "ನೀನು ಹೇಳಿಕೊಡಲಿಲ್ಲ ಮಗಾ. ಅಪ್ಪನ ಪಾಲು ಕೇಳಿದೆ, ಅಷ್ಟೇ. ಖಾಲಿ ಆದ್ಮೇಲೆ ನೀನು ಅಳ್ತೀಯ ಅಂತ ನಾನೇ ಕಲ್ಲು ಹಾಕಿಕೊಟ್ಟೆ. ವಾರವಿಡೀ ಅವನು ಹೊರಗೆ ಬಿದ್ದಿದ್ದ, ನೀನು ಒಳಗೆ ಇದನ್ನ ಆಡಿಸ್ತಿದ್ದೆ. ನನ್ನ ಕೈಲಿ ಆಗ್ಲಿಲ್ಲ. ಅವನ ಪಾಲು ಅವನ ಕೈಗೇ ಕೊಟ್ಟು ಮಲಗಿಸಿದೆ."

ಯೆಫಿಮ್ ಅಮ್ಮನ ಮೇಲಂಗಿಯಲ್ಲಿ ಮುಖ ಹುದುಗಿಸಿಕೊಂಡೇ ಕೇಳಿದ. ಅದು ಅರವತ್ತು ದಾಟಿದವನ ದನಿಯಾಗಿರಲಿಲ್ಲ.

"ಅಪ್ಪನ ಪಾಲು ಕೊಟ್ಟನಾ?"

"ಕೊಟ್ಟ," ಅಂದರು ಅತ್ತೆ. "ಅಧಿಕಾರಿ ನಕ್ಕು ಏನೋ ಹೇಳಿದ. ಅಡುಗೆಯವನು ಇಡೀ ಡಬ್ಬೀನೇ ಕೊಟ್ಟ."

ಸೂಪು ಉಕ್ಕಿ ಒಲೆಯ ಮೇಲೆ ಚೆಲ್ಲುತ್ತಿತ್ತು. ನಾನು ಎದ್ದು ಹೋಗಿ ಇಳಿಸಿದೆ.